ಬಿರುಕು ಕಣ್ಣಿನ ಸೇತುವೆ

ನಾವು ಚಿಕ್ಕವರಿದ್ದಾಗ ಬೇಸಿಗೆ ರಜೆ ಅಂದರೆ ರೈಲು ಸೇತುವೆಯ ಅಡಿಯೇ. ಮದ್ದೂರಿನಿಂದ ಮಂಡ್ಯಕ್ಕೆ ಹೋಗುವ ರೈಲು ನಮ್ಮೂರ ಹಳ್ಳವನ್ನು ಐದು ಕಲ್ಲಿನ ಕಮಾನುಗಳ ಮೇಲೆ ದಾಟುತ್ತಿತ್ತು. ಕಮಾನಿಗೆ ನಾವು ಕಣ್ಣು ಅನ್ನುತ್ತಿದ್ದೆವು. ಮೊದಲ ಎರಡು ಕಣ್ಣು ಮೇಲಿನ ಬೀದಿಯ ಮಕ್ಕಳದು, ಕೊನೆಯ ಎರಡು ಕೆಳಗಿನ ಬೀದಿಯ ನಮ್ಮದು. ನಡುವಿನ ಮೂರನೆಯದಕ್ಕೆ ಯಾರು ಕಾಲಿಟ್ಟರೂ ಎದುರಿನಿಂದ ಕಲ್ಲು ಬೀಳುತ್ತಿತ್ತು. ಬಾವಲಿ ಹಿಕ್ಕೆಯ ಘಾಟು, ಬಿಸಿಲಿಗೆ ಕಾದ ಕಲ್ಲಿನ ವಾಸನೆ, ರೈಲು ಹೋದಾಗಲೆಲ್ಲ ತಲೆ ಮೇಲೆ ಉದುರುವ ಸುಣ್ಣದ ಪುಡಿ. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಕಚ್ಚುತ್ತ ಕುಂಟೆಬಿಲ್ಲೆ ಆಡುವಾಗಲೂ ನಮ್ಮ ಒಂದು ಕಣ್ಣು ಆಚೆಯವರ ಕೈಮೇಲೇ ಇರುತ್ತಿತ್ತು.

ಮೂರನೇ ಕಮಾನಿನ ನೆತ್ತಿಯಲ್ಲಿ ಕೈ ತೂರುವಷ್ಟು ಬಿರುಕಿತ್ತು. ಎರಡು ಬೀದಿಗಳ ಹಗೆ ಹುಟ್ಟಿದ್ದೇ ಅಲ್ಲಿ.

ಮಹಾರಾಜರ ಕಾಲದಲ್ಲಿ, ಬರ ಬಿದ್ದ ವರ್ಷ, ಊರಿನವರೆಲ್ಲ ಆ ಸೇತುವೆಗೆ ಕೂಲಿ ಮಾಡಿದರಂತೆ. ಬಂಡೆಗೆ ಉಳಿ ಹೊಡೆದು ಕಲ್ಲು ಸೀಳಿದರು. ಮರದಲ್ಲಿ ಕಮಾನಿನ ಆಕಾರ ಕಟ್ಟಿ ನಿಲ್ಲಿಸಿ, ಅದರ ಎರಡೂ ಪಕ್ಕದಿಂದ ಕಲ್ಲು ಏರಿಸುತ್ತ ಬಂದು, ನೆತ್ತಿಗೆ ಬೀಗದ ಕಲ್ಲು ಕೂರಿಸಿ, ಆಮೇಲೆ ಮರ ಬಿಚ್ಚಿದರು. ಸಿಮೆಂಟಿಲ್ಲದ ಕಾಲ. ಎತ್ತು ಕಟ್ಟಿದ ಗಾಣದಲ್ಲಿ ಸುಣ್ಣ ಮರಳು ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸಿದ ಗಾರೆಯೇ ಕಲ್ಲಿಗೆ ಕಲ್ಲನ್ನು ಅಂಟಿಸಿದ್ದು. ಮೂರನೇ ಕಣ್ಣಿನ ಗಾರೆ ನಮ್ಮ ತಾತನ ತಾತ ಅರೆಸಿದ್ದು. ಮರ ಬಿಚ್ಚಿದ ಮೇಲೆ ಅದೊಂದೇ ಕಮಾನು ಬಿರಿಯಿತು. ಗಾರೆಗೆ ಕೊಟ್ಟ ಬೆಲ್ಲವನ್ನು ಅವನೇ ತಿಂದ ಅಂತ ಮೇಲಿನ ಬೀದಿಯವರು ಸಾರಿದರು. ಅಂದಿನಿಂದ ನಾವು ಬೆಲ್ಲಗಳ್ಳರ ಮನೆಯವರು.

ನಮ್ಮಜ್ಜಿ ಚಿಕ್ಕತಾಯಮ್ಮ ಹುಟ್ಟಿದ್ದು ಆ ಹೆಸರಿಟ್ಟವರ ಮನೆಯಲ್ಲೇ. ಜಗಳ ಮುಗಿಯಲಿ ಅಂತಲೇ ಹಿರಿಯರು ಅವಳನ್ನು ನಮ್ಮ ಮನೆಗೆ ಕೊಟ್ಟಿದ್ದರು. ಮದುವೆ ಊಟದಲ್ಲಿ ಅವಳ ಅಣ್ಣ ಕೆಂಪಣ್ಣ ಒಬ್ಬಟ್ಟು ಮುರಿದು, "ಬೆಲ್ಲ ಕಮ್ಮಿ ಅದೆ. ಬೀಗ್ರು ಅಡ್ಗೆಮನೆ ಒಳಿಕ್ಕೋಗಿದ್ರಾ?" ಅಂದನಂತೆ. ಎಲೆ ಮುಂದೆಯೇ ಹೊಡೆದಾಟ. ಆಮೇಲೆ ಅಜ್ಜಿ ತವರಿನ ಹೊಸ್ತಿಲು ತುಳಿಯಲಿಲ್ಲ.

ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆ, ಪಕ್ಕದಲ್ಲೇ ಕಾಂಕ್ರೀಟಿನ ಹೊಸ ಸೇತುವೆ ಎದ್ದಿತ್ತು. ಹಳೆಯದನ್ನು ಕೆಡವಲು ಯಂತ್ರ ಬಂತು. ಎರಡು ಬೀದಿಯವರೂ ಹಳ್ಳದ ಆಚೀಚೆ ದಡದಲ್ಲಿ ನಿಂತರು. ಮೂರನೇ ಕಣ್ಣು ಕುಸಿದಾಗ ಮೇಲಿನ ಬೀದಿಯವರ ದಡದಿಂದ ಶಿಳ್ಳೆ ಬಿತ್ತು. ಆದರೆ ಮಿಕ್ಕ ನಾಲ್ಕೂ ಹಾಗೇ ಕುಸಿದವು. ಸಂಜೆಗೆ ಉಳಿದದ್ದು ಒಂದೇ ಗುಡ್ಡೆ, ಯಾವ ಕಲ್ಲು ಯಾವ ಕಣ್ಣಿನದು ಅಂತ ಗುರುತಿಸುವಂತಿರಲಿಲ್ಲ. ಆದರೂ ನಮ್ಮಪ್ಪನೂ ಕೆಂಪಣ್ಣನ ಮಗನೂ ಹಳ್ಳದ ನಡುವೆ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದುಕೊಂಡರು.

ಮಾರನೇ ಬೆಳಿಗ್ಗೆ ಅಜ್ಜಿ ಹೊಸ ಸೀರೆಯುಟ್ಟು ನನ್ನ ಕೈ ಹಿಡಿದು ಮೇಲಿನ ಬೀದಿಗೆ ನಡೆದಳು. ಕೆಂಪಣ್ಣ ಜಗಲಿ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ.

"ಅಣ್ಣ, ಬೆಲ್ಲ ತಿಂದಿದ್ರೂ ತಿಂದಿರ್ಲಿ. ಬರದಲ್ಲಿ ಒಟ್ಟೆ ಅಸ್ದಿತ್ತು, ತಿಂದ ಅನ್ಕೋ. ಈಗ ಸೇತ್ವೇನೇ ಇಲ್ಲ. ಇನ್ನಾದ್ರೂ ಬುಟ್ಬುಡು."

ಕೆಂಪಣ್ಣ ಅವಳ ಮುಖ ನೋಡಲಿಲ್ಲ. ಬೀದಿಗೆ ಕೇಳುವಂತೆ ಕೂಗಿದ. "ಕೇಳುಸ್ಕಂಡ್ರೇನ್ರಲಾ? ಕಳ್ರ ಮನೇಲಿ ಬಾಳಾಟ ಮಾಡೋಳೇ ಒಪ್ಕತಾವ್ಳೆ!"

"ಒಪ್ಕಳಕ್ಕೆ ಬರ್ನಿಲ್ಲ ಕಣಣ್ಣ. ನಿನ್ನ ಮಾತಾಡ್ಸಕ್ಕೆ ಬಂದೆ."

ಸೊಸೆ ಒಂದು ಚೊಂಬು ನೀರು ತಂದಿದ್ದಳು. ಕೆಂಪಣ್ಣ ಅದನ್ನು ಕಸಿದು ಅಜ್ಜಿಯ ಕಾಲ ಬಳಿ ಚೆಲ್ಲಿದ. "ಎದ್ದೋಗು. ಈ ಜಗ್ಲಿ ತುಳೀಬ್ಯಾಡ."

ಅಜ್ಜಿಯ ಸೀರೆಯಂಚು ಒದ್ದೆಯಾಯಿತು. ಅವಳು ಅದನ್ನು ಹಿಂಡಲೂ ಇಲ್ಲ.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

"ನಮ್ಮೋರು ಕಳ್ರು ಅಂತ ನೀನೇ ಯೋಳ್ಬುಟ್ಟು ಬಂದ್ಯಾ ಅವ್ವಾ?"

"ಅಸ್ದಿದ್ರು ಅಂದೆ ಕಣ್ಲಾ."

"ಒಳಿಕ್ ಬಂದ್ರೆ ಮೂಲೇಲಿ ಬಿದ್ದಿರು. ನಂಜೊತೆ ಮಾತಾಡ್ಬ್ಯಾಡ."

ಅಪ್ಪ ಹೇಳಿದಂತೆಯೇ ನಡೆದುಕೊಂಡ. ಮುದ್ದೆ ಉಣ್ಣುವಾಗಲೂ ಅವಳತ್ತ ಬೆನ್ನು ಮಾಡಿ ಕೂರುತ್ತಿದ್ದ. ಕೆಂಪಣ್ಣ ಸತ್ತ ದಿನ ತಮಟೆ ಸದ್ದು ಕೇಳಿ ಅಜ್ಜಿ ಎದ್ದಳು. ಅಪ್ಪ ಹೊಸ್ತಿಲ ಮೇಲೆ ಕೂತಿದ್ದ, ಜರುಗಲಿಲ್ಲ. ಅಜ್ಜಿ ಮತ್ತೆ ಕೂತಳು. ಕೆಂಪಣ್ಣನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆ ವಿಷಯದಲ್ಲಿ ಅಪ್ಪನನ್ನೂ.

ಈಗ ಹಳ್ಳದ ಮೇಲೆ ಮೂರು ಬೋಳು ಕಂಬ, ಉದ್ದದ ತೊಲೆ. ಅದರ ಕೆಳಗೆ ನೆರಳೂ ಸರಿಯಾಗಿ ಬೀಳುವುದಿಲ್ಲ, ಜಾಲಿ ಬೆಳೆದಿದೆ. ಎರಡು ಬೀದಿಯ ಮಕ್ಕಳೂ ಒಂದೇ ವ್ಯಾನಿನಲ್ಲಿ ಭಾರತೀನಗರದ ಸ್ಕೂಲಿಗೆ ಹೋಗುತ್ತವೆ. ಕಲ್ಲು ಎಸೆಯುವುದಿಲ್ಲ, ಮಾತೂ ಆಡುವುದಿಲ್ಲ. ಯಾಕೆ ಅಂತ ಕೇಳಿದರೆ ಅವಕ್ಕೆ ಗೊತ್ತಿಲ್ಲ. ಕರೆದುಕೊಂಡು ಹೋಗಿ ತೋರಿಸಲು ಅಲ್ಲಿ ನನಗೂ ಏನೂ ಸಿಗುವುದಿಲ್ಲ.

ಹೋದ ವರ್ಷ ಅಜ್ಜಿ ತೀರಿಕೊಂಡಳು. ನಮ್ಮ ಕಡೆ ಹೆಣ್ಣಿನ ಹೆಣಕ್ಕೆ ತವರಿನವರೇ ಸೀರೆ ತಂದು ಹೊದಿಸಬೇಕು. ಮಣ್ಣಿಗೆ ಹೊತ್ತಾಯಿತು ಅಂತ ಜನ ಅವಸರ ಮಾಡಿದರೂ ಅಪ್ಪ ಒಂದೊಂದು ನೆಪ ಹೇಳುತ್ತ ಹೆಣ ಎತ್ತಲು ಬಿಡಲಿಲ್ಲ. ಅವನ ಕಣ್ಣು ಮೇಲಿನ ಬೀದಿಯ ತಿರುವಿನಲ್ಲೇ ಇತ್ತು. ಹೊತ್ತು ಮುಳುಗುವವರೆಗೂ ಅಲ್ಲಿಂದ ಯಾರೂ ಬರಲಿಲ್ಲ. ಕೊನೆಗೆ ಅಮ್ಮ ಒಳಗೆ ಹೋಗಿ, ತನಗೆಂದು ಎತ್ತಿಟ್ಟಿದ್ದ ಸೀರೆ ತಂದು ಹೊದಿಸಿದಳು.