ಹುಸೇನಬಿ ಖಾಲಾ ಅವರ ಕೊಸರು

ಹುಸೇನಬಿ ಖಾಲಾ ಅವರ ಬಲಗೈ ಹಿಡಿಯಲ್ಲಿ ಎಷ್ಟು ತೊಗರಿಬೇಳೆ ಹಿಡಿಸುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಸರಿಯಾದ ಉತ್ತರ ಕೊಡಲಾರೆ. ತೂಕದ ಯಂತ್ರಗಳನ್ನು ರಿಪೇರಿ ಮಾಡಿಯೇ ಹೊಟ್ಟೆ ಹೊರೆಯುವ ಮನುಷ್ಯ ನಾನು. ಆದರೆ ಆ ಹಿಡಿ ಬೆಳಿಗ್ಗೆ ಒಂದು ತೂಕವಾದರೆ ಸಂಜೆ ಇನ್ನೊಂದು ತೂಕ. ಗಿರಾಕಿಯ ಕಂಕುಳಲ್ಲಿ ಕೂಸಿದ್ದರೆ ಮತ್ತೊಂದು. ಸಿಡಿಲು ಬಡಿದು ಸುಟ್ಟ ಮಷೀನುಗಳನ್ನು ನೋಡಿದ್ದೇನೆ, ಇಲಿ ವೈರು ಕಡಿದ ಮಷೀನುಗಳನ್ನು ನೋಡಿದ್ದೇನೆ. ಅವು ಯಾವುವೂ ಈ ಒಂದು ಹಿಡಿಯಷ್ಟು ನನ್ನ ಜೀವ ತಿಂದಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಇವು ಮಷೀನು ಕಂಪನಿಯಿಂದ ನನ್ನ ಪಾಲಿಗೆ ಬಂದ ಊರುಗಳು. ಇಲ್ಲಿನ ದೊಡ್ಡ ಅಂಗಡಿಗಳ ಬಿಲ್ಲಿಂಗ್ ಮಷೀನು, ಸ್ಕ್ಯಾನರು, ಗಲ್ಲಾಪೆಟ್ಟಿಗೆ, ತೂಗುವ ಕಾಂಟಾ ಏನೇ ಕೆಟ್ಟರೂ ನಾನು ಓಡಬೇಕು. ಇರುವುದು ವಾಡಿಯಲ್ಲಿ. ಸಿಕ್ಕ ರೈಲು, ಸಿಕ್ಕ ಬಸ್ಸು ಹತ್ತುವುದು, ಬ್ಯಾಗಿನಲ್ಲಿ ಸ್ಕ್ರೂಡ್ರೈವರು, ಲ್ಯಾಪ್‌ಟಾಪು ಇಟ್ಟುಕೊಂಡು ತಿರುಗುವುದು. ಸಿಮೆಂಟಿನ ಧೂಳು, ಕಲ್ಲಿನ ಧೂಳು, ಬೇಳೆಯ ಹೊಟ್ಟು, ಮೂರನ್ನೂ ಒರೆಸಿದರೆ ಅರ್ಧ ಮಷೀನುಗಳು ತಾವೇ ಎದ್ದು ಕೂರುತ್ತವೆ. ಉಳಿದರ್ಧಕ್ಕೆ ಫರ್ಮ್‌ವೇರ್ ನೋಡಬೇಕಾಗುತ್ತದೆ. ಫರ್ಮ್‌ವೇರ್ ಎಂದರೆ ಮಷೀನಿನ ಒಡಲಲ್ಲಿ ಕೂತು ಯಾವಾಗ ದೀಪ ಹಚ್ಚಬೇಕು, ಯಾವಾಗ ಬೀಗ ಹಾಕಬೇಕು ಎಂದು ಹುಕುಂ ಕೊಡುವ ಪ್ರೋಗ್ರಾಮು. ಖಾಲಾ ಜಗಳ ತೆಗೆದದ್ದು ಅದರ ಜೊತೆಗೇ.

ಖಾಲಾ ಕೆಲಸ ಮಾಡುತ್ತಿದ್ದ ಚಿತ್ತಾಪುರದ ಅಂಗಡಿ ಮೊದಲು ಗೋಣಿಚೀಲಗಳ ಕಿರಾಣಿ ಅಂಗಡಿಯಾಗಿತ್ತಂತೆ. ಹಳೆಯ ಸಾವ್ಕಾರರ ಕಾಲದಲ್ಲಿ ಖಾಲಾ ಅವರ ಗಂಡ ಅಲ್ಲಿ ಚೀಲ ಹೊರುತ್ತಿದ್ದರು. ಅವರು ತೀರಿಹೋದ ಮೇಲೆ ಸಾವ್ಕಾರರು ಈಕೆಯನ್ನು ಕರೆದು ಕಾಂಟಾದ ಮುಂದೆ ಕೂರಿಸಿದರು. ಸಾವ್ಕಾರರ ಮಗ ಶಿವಕುಮಾರ ಅಂಗಡಿಗೆ ಗಾಜಿನ ಬಾಗಿಲು, ತಳ್ಳುವ ಗಾಡಿ, ತಣ್ಣನೆ ಗಾಳಿ ಎಲ್ಲ ಹಾಕಿಸಿ ಮಾರ್ಟ್ ಮಾಡಿದ. ಆದರೂ ಬಿಡಿ ಬೇಳೆ, ಬಿಡಿ ಜೋಳದ ಒಂದು ಕೌಂಟರು ಮೂಲೆಯಲ್ಲಿ ಉಳಿಯಿತು. ಅದರ ಹಿಂದೆ ಸ್ಟೂಲಿನ ಮೇಲೆ, ದಾರ ಕಟ್ಟಿದ ಕನ್ನಡಕ ಮೂಗಿನ ತುದಿಗೆ ಇಳಿಬಿಟ್ಟುಕೊಂಡು ಖಾಲಾ ಉಳಿದರು. ಶಿವಕುಮಾರನಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ಖಾಲಾನೇ, ಅಂದರೆ ಚಿಕ್ಕಮ್ಮ.

ಅವರ ಕೆಲಸದ ಕ್ರಮ ಹೀಗೆ. ಬೇಳೆಯನ್ನು ಕಾಳು ಹೆಚ್ಚಿಲ್ಲ, ಕಾಳು ಕಡಿಮೆಯಿಲ್ಲ ಎಂಬಂತೆ ತೂಗುವುದು. ಮಷೀನು ಉಗುಳಿದ ತೂಕದ ಚೀಟಿಯನ್ನು ಚೀಲಕ್ಕೆ ಅಂಟಿಸುವುದು. ಆಮೇಲೆ ಚೀಲದ ಬಾಯಿ ಕಟ್ಟುವ ಮೊದಲು, ಗಿರಾಕಿಯ ಕಣ್ಣೆದುರಿಗೆ, ಒಂದು ಹಿಡಿ ಕೊಸರು ಹಾಕುವುದು. ಹಾಕುತ್ತ ಒಂದೇ ಮಾತು: “ಅದು ಕಾಂಟಾದ್ದು. ಇದು ಕೈದು.” ಬೇಳೆ ಶಿವಕುಮಾರನದು, ಹೆಸರು ಇವರದು. ನಾನು ಒಮ್ಮೆ ಹಾಗೆಂದು ಕೆಣಕಿದ್ದಕ್ಕೆ, “ಅವರಪ್ಪ ಇದ್ದಾಗ ಕೊಸರು ಹಾಕೋದು ಮರೆತ್ರ ನನಗ ಬೈತಿದ್ರು. ನೀ ನಿನ್ನೆ ಬಂದಾವ, ನಿನಗೇನ್ ಗೊತ್ತು?” ಎಂದು ಬಾಯಿ ಮುಚ್ಚಿಸಿದರು.

ಜಗಳ ಶುರುವಾದದ್ದು ಹೊಸ ಬಿಲ್ಲಿಂಗ್ ಕೌಂಟರು ಬಂದಾಗ. ಅದರ ಗಾಜಿನ ತಟ್ಟೆಯ ಕೆಳಗೆ ಇನ್ನೊಂದು ಕಾಂಟಾ ಇದೆ. ಬಿಲ್ಲಿನ ಹುಡುಗಿ ಚೀಲ ಇಟ್ಟು ಚೀಟಿ ಸ್ಕ್ಯಾನ್ ಮಾಡಿದ ಕೂಡಲೇ ಮಷೀನು ತಾನೂ ಒಮ್ಮೆ ತೂಗುತ್ತದೆ. ಚೀಟಿಯಲ್ಲಿ ಬರೆದದ್ದಕ್ಕಿಂತ ಚೀಲ ಭಾರವಾಗಿದ್ದರೆ, ತೂಗಿಸಿದ ಮೇಲೆ ಯಾರೋ ಕದ್ದು ತುಂಬಿಕೊಂಡಿದ್ದಾರೆ ಎಂದು ಅದರ ತಿಳುವಳಿಕೆ. ಕೆಂಪು ದೀಪ ಹತ್ತುತ್ತದೆ, ಕಿವಿ ಹರಿಯುವ ಹಾಗೆ ಕೂಗುತ್ತದೆ, ಬೀಗ ಹಾಕಿಕೊಳ್ಳುತ್ತದೆ. ಮ್ಯಾನೇಜರ್ ಬಂದು ಚೀಲ ನೋಡಿ ತನ್ನ ಕಾರ್ಡು ಉಜ್ಜುವ ತನಕ ಬಿಡುವುದಿಲ್ಲ. ಮೊದಲ ದಿನವೇ ಖಾಲಾ ತೂಗಿಕೊಟ್ಟ ಚೀಲಗಳೆಲ್ಲ ಕಳ್ಳಮಾಲು ಎನಿಸಿಕೊಂಡವು.

ನಾನು ಚಿಂಚೋಳಿಯಲ್ಲಿ ಒಂದು ಅಂಗಡಿಯ ಮೇಜಿನಡಿ ಮಲಗಿ ವೈರು ಹುಡುಕುತ್ತಿದ್ದೆ. ಫೋನು ಬಂತು.

“ಬೇಟಾ, ನಿನ್ನ ಕೊತ್ವಾಲ ಒದರ್ಲಿಕತ್ತಾನ. ಬಂದು ಅವನ ಬಾಯಿ ಮುಚ್ಚು.”

“ಯಾವ ಕೊತ್ವಾಲ ಖಾಲಾ?”

“ನೀ ತಂದು ಕುಂದ್ರಸೀಯಲ್ಲ, ಅವನೇ. ಲಾಲ್ ಬತ್ತಿ ಹಚ್ಚಿಕೊಂಡು ನನ್ನ ಗಿರಾಕಿಗೆ ಚೋರ್ ಅನ್ಲಿಕತ್ತಾನ.”

ಮರುದಿನ ಹೋಗಿ ಕೂತು ತಿಳಿಸಿ ಹೇಳಿದೆ. ಕೊಸರು ಹಾಕುವುದಾದರೆ ಹಾಕಿ, ಆದರೆ ತೂಗುವ ಮೊದಲೇ ಹಾಕಿ, ಬೇಕಾದರೆ ಶಿವಕುಮಾರನಿಗೆ ಹೇಳಿ ದರವನ್ನೇ ಒಂಚೂರು ಇಳಿಸೋಣ, ಲೆಕ್ಕ ಸರಿಹೋಗುತ್ತದೆ ಎಂದೆ. ಖಾಲಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ತೂಕದಾಗ ಹೋದ್ರ ಅದು ಕೊಸರು ಹ್ಯಾಂಗ ಆಗ್ತದ? ಅದೂ ತೂಕನೇ ಆತು. ಕೊಟ್ಟದ್ದು ಕಣ್ಣಿಗೆ ಕಾಣ್ಬೇಕು.”

“ಖಾಲಾ, ಮಷೀನಿಗೆ ಅದೆಲ್ಲ ತಿಳಿಯಂಗಿಲ್ರಿ.”

“ಹಾಂಗಾರ ತಿಳಿಸು. ಪಗಾರ ಯಾತಕ ತೊಗೊಂತಿ?”

ಪಿತ್ತ ನೆತ್ತಿಗೇರಿತು. ಆದರೂ ಶಿವಕುಮಾರನ ಒಪ್ಪಿಗೆ ಪಡೆದು, ಲ್ಯಾಪ್‌ಟಾಪು ಜೋಡಿಸಿ, ಫರ್ಮ್‌ವೇರಿನಲ್ಲಿ ಬಿಡಬಹುದಾದಷ್ಟು ಸಡಿಲು ಬಿಟ್ಟೆ. ಆ ಸಡಿಲು ಕೊಡುವುದು ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಒಂದು ಕಿಲೋ ಚೀಲ ಖಾಲಾ ಅವರ ಹಿಡಿಯನ್ನು ಹೊತ್ತುಕೊಂಡು ಸದ್ದಿಲ್ಲದೆ ದಾಟಿತು. ನಾನು ಗೆದ್ದೆನೆಂದು ವಾಡಿಗೆ ಹೋಗಿ ನೆಮ್ಮದಿಯಿಂದ ಊಟ ಮಾಡಿದೆ.

ಮತ್ತೆ ಫೋನು. ಈ ಸಲ ಮಷೀನು ಕೂಗುತ್ತಿದ್ದುದು ಪಾವ್ ಕಿಲೋ, ಅಂದರೆ ಕಾಲು ಕಿಲೋ ಚೀಲಗಳಿಗೆ ಮಾತ್ರ. ಯಾಕೆಂದರೆ ಈ ಹೆಂಗಸು ಕಿಲೋಗೂ ಅದೇ ಹಿಡಿ, ಪಾವ್ ಕಿಲೋಗೂ ಅದೇ ಹಿಡಿ ಹಾಕುತ್ತಿದ್ದರು! ಕಾಲು ಕಿಲೋಗೆ ಕಾಲು ಹಿಡಿ ಹಾಕಿ ಎಂದು ನಾನು ಬೇಡಿಕೊಂಡೆ. ನಿಜವಾಗಿಯೂ ಕೈ ಮುಗಿದು ಬೇಡಿಕೊಂಡೆ.

“ಕೈಗೆ ಪಾವ್ ಅರ್ಧ ಇರ್ತದೇನೋ? ಪಾವ್ ಕಿಲೋ ಒಯ್ಯೋರು ಏನ್ ಪಾಪ ಮಾಡ್ಯಾರ?”

ಇಂಥವರ ಹತ್ತಿರ ಶೇಕಡಾವಾರು ಲೆಕ್ಕ ಮಾತಾಡಿ ಏನು ಬರುತ್ತದೆ? ಎದ್ದು ಬಂದೆ. ಅದಾಗಿ ಕೆಲವು ದಿನಕ್ಕೆ, ನಾನು ಬೇರೇನೋ ರಿಪೇರಿಗೆ ಅಲ್ಲಿಗೆ ಹೋಗಿದ್ದಾಗ, ಕಲ್ಲಿನ ಪಾಲಿಶ್ ಕೆಲಸಕ್ಕೆ ಹೋಗುವ ಒಬ್ಬ ಹೆಂಗಸು ಪಾವ್ ಕಿಲೋ ಬೇಳೆ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಕೈ ಮೊಣಕೈಯವರೆಗೆ ಬಿಳಿ ಪುಡಿ. ಚೀಲ ತಟ್ಟೆಯ ಮೇಲಿಟ್ಟ ಕೂಡಲೇ ಕೆಂಪು ದೀಪ, ಕೂಗು. ಸಾಲಿನಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ಮ್ಯಾನೇಜರ್ ಊಟಕ್ಕೆ ಹೋಗಿದ್ದ. ಆಕೆ ಚೀಲವನ್ನು ಅಲ್ಲೇ ಬಿಟ್ಟು ಹೊರಗೆ ನಡೆದಳು. ಖಾಲಾ ಸ್ಟೂಲಿನಿಂದ ಇಳಿದು, ನೋಯುವ ಮಂಡಿ ಹಿಡಿದುಕೊಂಡು, “ಏ ತಂಗಿ, ನಿಂದ್ರವಾ, ಹಾಕಿದಾಕಿ ನಾನು!” ಎಂದು ಕೂಗುತ್ತ ರಸ್ತೆಯವರೆಗೂ ಓಡಿದರು. ಆಕೆ ತಿರುಗಿ ನೋಡಲಿಲ್ಲ. ಆಮೇಲೆಂದೂ ಆ ಅಂಗಡಿಗೆ ಬರಲೂ ಇಲ್ಲವಂತೆ.

ಒಳಗೆ ಬಂದ ಖಾಲಾ ನನ್ನ ಮೇಲೆ ಹರಿಹಾಯ್ದರು. ನನಗೂ ಕೆಟ್ಟೆನಿಸಿತ್ತು, ಆದರೆ ಸಿಟ್ಟು ಅದಕ್ಕಿಂತ ಹೆಚ್ಚಿತ್ತು. ಆಕೆಗೆ ಆ ಅವಮಾನ ಬಂದದ್ದು ಯಾರ ಕೈಯಿಂದ? ಮಷೀನಿಗೆ ಒಪ್ಪದು ಎಂದು ಗೊತ್ತಿದ್ದೂ ಹಾಕಿದವರಾರು? ಹಾಗೆಂದು ಬಾಯಿಬಿಟ್ಟೇ ಕೇಳಿದೆ. ಖಾಲಾ ಆ ಚೀಲದ ಬಾಯಿಗೆ ಗಂಟು ಹಾಕಿ ತಮ್ಮ ಕೌಂಟರಿನ ಕೆಳಗೆ ಎತ್ತಿಟ್ಟರು.

ಅಲ್ಲಿಂದ ಮುಂದೆ ಫೋನು ಬರುವುದು ನಿಂತಿತು. ಮುದುಕಿಗೆ ಬುದ್ಧಿ ಬಂತು ಎಂದುಕೊಂಡೆ. ಬಂದದ್ದು ಕಂಪನಿಯ ದೂರು: ಚಿತ್ತಾಪುರದ ಬಿಲ್ಲಿಂಗ್ ಕಾಂಟಾ ದಾರಿ ತಪ್ಪಿದೆ, ಬಿಡಿ ಬೇಳೆಯ ಚೀಲಗಳೆಲ್ಲ ಚೀಟಿಗಿಂತ ಹಗುರ ಎಂದು ದಾಖಲೆಯಲ್ಲಿ ತೋರಿಸುತ್ತಿದೆ, ಹೋಗಿ ನೋಡು. ಹೋಗಿ ತೂಕದ ಬಟ್ಟು ಇಟ್ಟು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಧೂಳು ಒರೆಸಿದೆ. ಮರುವಾರವೂ ಅದೇ ದೂರು. ಭಾರ ಅಳೆಯುವ ಲೋಡ್‌ಸೆಲ್ಲನ್ನೇ ಬದಲಾಯಿಸಿದೆ. ಫರ್ಮ್‌ವೇರ್ ಅಳಿಸಿ ಹೊಸದಾಗಿ ತುಂಬಿದೆ. ಅರ್ಥಿಂಗ್ ಸರಿಯಿಲ್ಲವೆಂದು ನೆಲ ಅಗೆಸಿದೆ. ಫ್ಯಾನಿನ ಗಾಳಿ ಎಂದು ಫ್ಯಾನು ತೆಗೆಸಿದೆ. ಕೊನೆಗೆ ಹೈದರಾಬಾದಿನಿಂದ ಕಂಪನಿಯ ದೊಡ್ಡ ಇಂಜಿನಿಯರು ಬಂದು, ಎರಡು ದಿನ ತಲೆ ಕೆರೆದುಕೊಂಡು, ಹತ್ತಿರದಲ್ಲಿ ರೈಲು ಹೋಗುವ ಕಂಪನವಿರಬಹುದು ಎಂದು ಹೇಳಿ ಹೋದ.

ಒಂದು ಮಧ್ಯಾಹ್ನ ಬಾಗಿಲ ಬಳಿ ಚಹಾ ಕುಡಿಯುತ್ತ ನಿಂತಿದ್ದೆ. ಬಿಲ್ಲಿನ ಹುಡುಗಿ ರೇಣುಕಾ ಖಾಲಾ ತೂಗಿದ ಚೀಲವನ್ನು ತಟ್ಟೆಯ ಮೇಲಿಟ್ಟಳು. ಇಟ್ಟ ಕೈ ಮಾತ್ರ ಹಿಂದೆ ಬರಲಿಲ್ಲ. ಕಿರುಬೆರಳು ಚೀಲದ ಅಂಚಿಗೆ ಸಿಕ್ಕಿಕೊಂಡು, ನಾಜೂಕಾಗಿ, ಅದನ್ನು ಒಂಚೂರು ಮೇಲಕ್ಕೆತ್ತಿ ಹಿಡಿದಿತ್ತು. ಮಷೀನು ಸಮಾಧಾನದಿಂದ ಬಿಲ್ಲು ಹರಿದು ಕೊಟ್ಟಿತು. ಪಕ್ಕದ ಕೌಂಟರು ನೋಡಿದೆ, ಅಲ್ಲೂ ಒಂದು ಕಿರುಬೆರಳು.

ಚಹಾದ ಕಪ್ಪನ್ನು ಅಲ್ಲೇ ಇಟ್ಟು ಒಳಗೆ ನುಗ್ಗಿದೆ. “ಯಾರು ಕಲಿಸಿದ್ರು ಇದನ್ನ?” ಎಂದು ಕೂಗಿದೆ. ಖಾಲಾ ಸ್ಟೂಲಿನ ಮೇಲಿಂದಲೇ, “ಬೆರಳು ಅವರ್ದು, ಅಕಲ್ ನಂದು” ಎಂದರು. “ಅಷ್ಟು ದೊಡ್ಡ ಕೊತ್ವಾಲಗ ಒಂದು ಕಿರಿಬೆರಳು ಸಾಕಾತು ನೋಡು ಬೇಟಾ!”

ಇಡೀ ಅಂಗಡಿ ನಕ್ಕಿತು. ನನಗೆ ನಗು ಬರಲಿಲ್ಲ. ಅಗೆಸಿದ ನೆಲ, ಬದಲಿಸಿದ ಲೋಡ್‌ಸೆಲ್ಲು, ಹೈದರಾಬಾದಿನವನ ಮುಂದೆ ಕಳೆದುಕೊಂಡ ನನ್ನ ಮಾನ, ಎಲ್ಲ ಕಣ್ಣ ಮುಂದೆ ಬಂದವು. ವಾಡಿಗೆ ಹೋಗುವ ಬಸ್ಸಿನಲ್ಲಿ ಕೂತ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಬ್ಬನೇ ನಕ್ಕೆ.

ಈ ಸುದ್ದಿ ಕಂಪನಿಗೆ ಮುಟ್ಟದೆ ಇರಲಿಲ್ಲ. ಅವರಿಗೆ ಇದು ನಗುವ ವಿಷಯವಾಗಿರಲಿಲ್ಲ. ಹೊಸ ಫರ್ಮ್‌ವೇರ್ ಬಂತು. ತಟ್ಟೆಯ ಮೇಲಿನ ತೂಕ ಒಂಚೂರು ಅಲುಗಾಡಿದರೂ ಅದು ಕಾಯುತ್ತದೆ. ಕೈ ತೆಗೆಯುವ ತನಕ ಬಿಲ್ಲು ಕೊಡುವುದಿಲ್ಲ. ನಾನು ಬಿಟ್ಟಿದ್ದ ಸಡಿಲನ್ನೂ ಅದು ಕಿತ್ತುಕೊಂಡಿತು, ಮತ್ತೆ ಬಿಡುವ ದಾರಿ ನನ್ನ ಲ್ಯಾಪ್‌ಟಾಪಿನಲ್ಲಿ ಉಳಿಯಲಿಲ್ಲ. ಸಾಲು ಬಾಗಿಲು ದಾಟಿ ಬೆಳೆಯತೊಡಗಿತು. ಶಿವಕುಮಾರ ಕೆಟ್ಟವನಲ್ಲ. ಖಾಲಾ ಅವರ ಮುಂದೆ ಕೂತು ಎರಡು ಸಲ ಹೇಳಿದ, ಕೊಸರು ಬಿಡ್ರಿ, ಇಲ್ಲಾಂದ್ರ ಬಿಡಿ ಮಾಲು ಬಂದ್ ಮಾಡಿ ಎಲ್ಲಾ ಪಾಕೀಟ್ ಮಾಡಬೇಕಾಗ್ತದ ಅಂತ. ನಾನೂ ಹೇಳಿದೆ. ಒಂದು ಹಿಡಿ ಬೇಳೆಗಾಗಿ ಕೂತ ಜಾಗ ಕಳೆದುಕೊಳ್ಳುವ ಹಟ ಯಾಕೆ ಎಂದು ದನಿ ಏರಿಸಿಯೇ ಕೇಳಿದೆ. “ಬರೇ ತೂಗಲಿಕ್ಕ ನಾ ಯಾಕ ಬೇಕು? ನಿನ್ನ ಕೊತ್ವಾಲ ಇದ್ದಾನಲ್ಲ” ಎಂದರು. ಮರುದಿನವೂ ಕೊಸರು ಹಾಕಿದರು.

ಬಿಡಿ ಮಾಲು ಬಂದ್ ಆಯಿತು. ಅವರ ಕಾಂಟಾದ ವೈರು ಕಿತ್ತು ಒಯ್ಯಲು ಹೋದವನು ನಾನೇ. ಅವರಿಗೆ ಮಹಡಿಯ ಮೇಲೆ ಪಾಕೀಟಿಗೆ ಚೀಟಿ ಅಂಟಿಸುವ ಕೆಲಸ ಕೊಡುತ್ತೇನೆಂದು ಶಿವಕುಮಾರ ಹೇಳಿದ್ದ. ಅವರು ಸುಲೇಪೇಟದ ಮಗಳ ಹತ್ತಿರ ಹೋಗುವುದಾಗಿ ಹೇಳಿದ್ದರು. ನಾನು ಸ್ಕ್ರೂ ಬಿಚ್ಚುವುದನ್ನು ನೋಡುತ್ತ ಸ್ಟೂಲಿನ ಮೇಲೆಯೇ ಕೂತಿದ್ದರು. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಅವರು ಜಗಳವಾಡಲಿಲ್ಲ.

“ಬೇಟಾ, ಒಂದ್ ಮಾತು. ಚೀಲದಾಗ ಜಾಸ್ತಿ ಇದ್ರ ಕೊತ್ವಾಲ ಒದರ್ತಾನ. ಕಮ್ಮಿ ಇದ್ರ ಒದರ್ತಾನೇನು?”

“ಇಲ್ಲ ಖಾಲಾ.”

“ಯಾಕ?”

“ಅದನ್ನ ಬಂದ್ ಇಟ್ಟದ. ಇಲ್ಲಾಂದ್ರ ಸಾಲು ಮುಂದ ಹೋಗಂಗಿಲ್ಲ.”

“ಬಂದ್ ಇಟ್ಟವರು ಯಾರು?”

“ಕಂಪನಿಯವರು ಹೇಳಿದ್ರು. ನಾ ಇಟ್ಟೀನಿ.”

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ನನ್ನ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ, ಕನ್ನಡಕ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು, ಮಂಡಿ ಹಿಡಿದುಕೊಂಡು ಹೊರಟರು. ಆ ಒಂದು ದಿನ ಬಾಯಿಗೆ ಬಂದಂತೆ ಬೈದಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಚಿತ್ತಾಪುರದಿಂದ ಈಗ ಫೋನು ಬರುವುದಿಲ್ಲ. ಪಾಕೀಟುಗಳು ಸಾಲಾಗಿ ಹೋಗುತ್ತವೆ, ದೀಪ ಕೆಂಪಾಗುವುದಿಲ್ಲ, ಕಂಪನಿಯವರು ನನ್ನನ್ನು ಹೊಗಳಿದ್ದಾರೆ. ಮೊನ್ನೆ ಶಹಾಬಾದಿನಲ್ಲಿ ಮನೆಗೆಂದು ಬೇಳೆ ತೂಗಿಸಿದೆ. ತೂಗುವವನು ಚೀಟಿ ಅಂಟಿಸಿ ಚೀಲ ನನ್ನ ಕೈಗೆ ಕೊಟ್ಟ. ನಾನು ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅವನು ನನ್ನ ಮುಖ ನೋಡಿ, “ಮತ್ತೇನ್ ಬೇಕಾಗಿತ್ರಿ ಸರ್?” ಎಂದು ಕೇಳಿದ.

ಏನಿಲ್ಲ ಎಂದು ಬಿಲ್ಲಿನ ಕಡೆ ನಡೆದೆ. ತಟ್ಟೆಯ ಮೇಲಿಟ್ಟ ಕೂಡಲೇ ಹಸಿರು ದೀಪ ಹತ್ತಿತು. ನನ್ನ ಚೀಲದಲ್ಲಿ ಹೆಚ್ಚಿಗೆ ಏನೂ ಇರಲಿಲ್ಲ.