ಬೀದಿ ನಲ್ಲಿಗೆ ಸೊಂಟದ ಅಳತೆ

ಬೊಂಬಾಯಿಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ನಾನು ವಾಸ್ತುಶಿಲ್ಪ ಓದುತ್ತಿದ್ದ ಕಾಲ, ಅರವತ್ತರ ದಶಕದ ಆರಂಭ. ತರಗತಿಯಲ್ಲಿ ಹುಡುಗಿಯರು ನಾವಿಬ್ಬರೇ. ಬೇಸಿಗೆ ರಜೆಗೆ ಊರಿಗೆ ಹೊರಡುವ ಮುನ್ನ ಪ್ರೊಫೆಸರರು ಒಂದು ಕೆಲಸ ಹಚ್ಚಿದರು. ನಿಮ್ಮ ಊರಿನಲ್ಲಿ ಜನ ದಿನಾ ಸೇರುವ ಒಂದು ಸಾರ್ವಜನಿಕ ಜಾಗ ಆರಿಸಿಕೊಳ್ಳಿ, ಅದನ್ನು ಹೊಸದಾಗಿ ಹೇಗೆ ಕಟ್ಟುತ್ತೀರಿ ಎಂದು ನಕ್ಷೆ ಬರೆದು ತನ್ನಿ ಎಂದರು. ಸಹಪಾಠಿಗಳು ಪುರಭವನ, ನಾಟಕಶಾಲೆ, ಈಜುಕೊಳ ಎಂದು ಕುಣಿದರು. ನಾನೂ ಕಡಿಮೆಯೇನಿರಲಿಲ್ಲ. ರೈಲು ಮೈಸೂರು ಮುಟ್ಟುವಷ್ಟರಲ್ಲಿ ಬನ್ನಿಮಂಟಪದ ಮೈದಾನದ ಸುತ್ತ ಊರಿಗೆ ಊರೇ ಕೂರಬಹುದಾದ ಗ್ಯಾಲರಿಯೊಂದನ್ನು ಮನಸ್ಸಿನಲ್ಲೇ ಕಟ್ಟಿ ಮುಗಿಸಿದ್ದೆ.

ಅದನ್ನು ಕೆಡವಿದವಳು ನಮ್ಮಜ್ಜಿ.

"ದಿನಾ ಜನ ಸೇರೋ ಜಾಗ ಅಂದಿದಾರಲ್ವಾ ನಿಮ್ಮ ಮೇಷ್ಟ್ರು? ಬನ್ನಿಮಂಟಪದಲ್ಲಿ ಸೇರೋದು ಪಂಜಿನ ಕವಾಯತಿಗೆ, ವರ್ಷಕ್ಕೊಂದು ಸಲ. ನಮ್ಮ ನಲ್ಲಿ ಹತ್ರ ಬಾ, ದಿನಾ ಸೇರೋದು ಅಂದ್ರೇನು ಅಂತ ತೋರಿಸ್ತೀನಿ."

ಒಂಟಿಕೊಪ್ಪಲಿನ ನಮ್ಮ ಮನೆಯೊಳಗೇ ನಲ್ಲಿಯಿತ್ತು. ಆದರೂ ಅಜ್ಜಿ ದಿನಾ ಬೆಳಿಗ್ಗೆ ಒಂದು ಸಣ್ಣ ತಂಬಿಗೆ ಹಿಡಿದು ಬೀದಿ ಕೊನೆಯ ಸಾರ್ವಜನಿಕ ನಲ್ಲಿಗೆ ಹೋಗುತ್ತಿದ್ದಳು. ಅಲ್ಲಿನ ನೀರಿನಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ ಎನ್ನುವುದು ಅವಳ ವಾದ. ಎರಡೂ ಒಂದೇ ಪೈಪಿನ ನೀರು ಎಂದು ಅಪ್ಪ ಎಷ್ಟು ಸಲ ಹೇಳಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಒಂದು ತಂಬಿಗೆ ನೀರು ತರಲು ಅವಳಿಗೆ ಒಂದೂವರೆ ಗಂಟೆ ಬೇಕಾಗುತ್ತಿತ್ತು.

ಹೊಂಗೆ ಮರದ ಕೆಳಗೆ ಒಂದು ಕಲ್ಲಿನ ಕಂಬ, ಅದಕ್ಕೊಂದು ನಲ್ಲಿ, ಕೆಳಗೆ ನೆಲಮಟ್ಟದ ಚಪ್ಪಡಿ, ಸುತ್ತ ಕೆಸರು. ಹೆಂಗಸರು ಕೊಡಗಳನ್ನು ಸಾಲಾಗಿ ಇಟ್ಟು, ಮನೆಗೆ ಓಡಿ ಹುಳಿಗೆ ಒಗ್ಗರಣೆ ಹಾಕಿ ಮತ್ತೆ ಬರುತ್ತಿದ್ದರು. ಕೊಡ ನಿಂತರೆ ಅವರೇ ನಿಂತ ಹಾಗೆ. ಸಾಲು ತಪ್ಪದಂತೆ ಆಳುತ್ತಿದ್ದವಳು ನಮ್ಮ ಹಿಂದಿನ ಬೀದಿಯ ಮೊಸರು ಮಾರುವ ಹೆಂಗಸು. ಎಲ್ಲರೂ ಅವಳನ್ನು ಮೊಸರಕ್ಕ ಎನ್ನುತ್ತಿದ್ದರು. ಧಡೂತಿ ಆಳು, ಅದಕ್ಕಿಂತ ಧಡೂತಿ ಗಂಟಲು.

ಎರಡು ದಿನ ನೋಡಿದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ತುಂಬಿದ ಕೊಡವನ್ನು ಪ್ರತಿಯೊಬ್ಬಳೂ ಬಗ್ಗಿ ಎತ್ತಿ, ಮೊಣಕಾಲಿಗೊಮ್ಮೆ ಆನಿಸಿ, ಉಸಿರು ಬಿಗಿಹಿಡಿದು ಸೊಂಟಕ್ಕೆ ಏರಿಸಬೇಕು. ಚಪ್ಪಡಿಯ ಪಕ್ಕದಲ್ಲೇ ಸೊಂಟಕ್ಕೆ ಸರಿಯಾದ ಎತ್ತರದಲ್ಲಿ ಒಂದು ಕಟ್ಟೆಯಿದ್ದರೆ ಅದರ ಮೇಲಿಟ್ಟ ಕೊಡ ಸೊಂಟಕ್ಕೆ ಸುಮ್ಮನೆ ಜಾರಿಕೊಂಡು ಬಂದೀತು. ಆದರೆ ಎಷ್ಟು ಎತ್ತರ? ಅದಕ್ಕೆ ಬೀದಿಯ ಹೆಂಗಸರ ಸೊಂಟ ನೆಲದಿಂದ ಎಷ್ಟು ಮೇಲಿದೆ ಎಂದು ಅಳೆಯಬೇಕು. ಟೇಪು ಹಿಡಿದು ಮೊದಲನೆಯವಳ ಹತ್ತಿರ ಹೋದೆ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ಕೊಡ ಬಿಟ್ಟು ಓಡಿಹೋದಳು.

ಅಜ್ಜಿ ಉಪಾಯ ಹೇಳಿದಳು. "ನೀನು ಬೊಂಬಾಯಿಲಿ ಹೊಲಿಗೆ ಕಲೀತಿದೀಯ ಅಂತೀನಿ. ಲಂಗದ ಅಳತೆ ಅಂದ್ರೆ ಯಾರೂ ಬೇಡ ಅನ್ನಲ್ಲ."

"ಸುಳ್ಳಾಗಲ್ವಾ ಅಜ್ಜಿ?"

"ನೀನು ಬೊಂಬಾಯಿಲಿ ಇರೋದು ಸುಳ್ಳಾ? ಟೇಪು ಸುಳ್ಳಾ? ಮಧ್ಯ ಒಂದು ಮಾತು ಹೆಚ್ಚುಕಮ್ಮಿ ಆಯ್ತು, ಅಷ್ಟೇ ಕಣೇ."

ಮಾರನೆಯ ಬೆಳಿಗ್ಗೆ ಕೊಡಗಳ ಸಾಲಿನ ಪಕ್ಕದಲ್ಲಿ ಹೆಂಗಸರದೇ ಇನ್ನೊಂದು ಸಾಲು ನಿಂತಿತು. ಅಜ್ಜಿ ಕುಕ್ಕರಗಾಲಿನಲ್ಲಿ ಕೂತು ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದಳು. ನಾನು ಸೊಂಟದ ಎತ್ತರ, ಮೊಣಕೈ ಎತ್ತರ ಬರೆದುಕೊಂಡೆ. ಲಂಗಕ್ಕೆ ಮೊಣಕೈ ಯಾಕೆ ಎಂದು ಒಬ್ಬಳು ಕೇಳಿದ್ದಕ್ಕೆ ಅಜ್ಜಿ ತಲೆ ಎತ್ತದೆ "ಬೊಂಬಾಯಿ ಫ್ಯಾಷನ್ನು" ಎಂದಳು. ಅದಾದ ಮೇಲೆ ಯಾರೂ ಪ್ರಶ್ನೆ ಕೇಳಲಿಲ್ಲ.

ಕೇಳಲಿಲ್ಲ, ಆದರೆ ಮಧ್ಯಾಹ್ನದಿಂದ ರವಿಕೆ ಕಣಗಳು ಬರತೊಡಗಿದವು. ಹಸಿರು, ಕೆಂಪು, ಚಿಕ್ಕ ಅಂಚಿನದು, ಮದುವೆಯಲ್ಲಿ ಮಡಿಲು ತುಂಬಿದ್ದು. ಎರಡು ದಿನದಲ್ಲಿ ಹನ್ನೊಂದು. ಅಪ್ಪ ಸಂಜೆ ಮನೆಗೆ ಬಂದು, "ಇದೇನು, ನಡುಮನೇಲಿ ಬಟ್ಟೆ ಅಂಗಡಿ ಇಟ್ಟಿದೀರಾ?" ಎಂದರು. ನನಗೆ ಗುಂಡಿ ಹಾಕಲೂ ಬರುತ್ತಿರಲಿಲ್ಲ. ಮಿಷನ್ನಿನ ಸೂಜಿ ಮುರಿದಿದೆ, ಹೊಸದು ಬರಬೇಕು ಎಂದು ಅಜ್ಜಿ ಎಲ್ಲರಿಗೂ ಹೇಳಿಕಳಿಸಿದಳು. ಆ ಸಮಯದಲ್ಲಿ ನಾನು ನಕ್ಷೆಗೆ ಕೂತೆ. ಅರ್ಧಚಂದ್ರಾಕಾರದ ಕಟ್ಟೆ, ಮೂರು ಕಮಾನು, ಕಮಲದ ಆಕಾರದ ತೊಟ್ಟಿ, ಮರದ ಕಡೆ ಮುಖ ಮಾಡಿದ ಕಲ್ಲುಬೆಂಚು. ಅಳತೆಗೆ ಇರಲಿ ಎಂದು ನೀರು ಹಿಡಿಯುವ ನಾಲ್ಕು ಹೆಂಗಸರನ್ನೂ ಬರೆದೆ.

ಒಂದು ದಿನ ಮೊಸರಕ್ಕ ಹಿತ್ತಲಿನಿಂದ ಮೊಸರು ಕೊಡಲು ಬಂದವಳು, ತನ್ನ ರವಿಕೆ ಏನಾಯಿತು ಎಂದು ನೋಡಲು ಸೀದಾ ನಡುಮನೆಗೆ ಬಂದುಬಿಟ್ಟಳು. ಗೋಡೆಗೆ ಒರಗಿಸಿದ್ದ ನಕ್ಷೆಯ ಮುಂದೆ ನಿಂತಳು.

"ಇದ್ಯಾವ ಲಂಗ ಕಣವ್ವಾ? ಇದ್ರಲ್ಲಿ ನಮ್ ನಲ್ಲಿ ಅದೆ!"

ಅವಳು ಬೆರಳಿಟ್ಟು ತೋರಿಸಿದಳು. "ಈ ದಪ್ಪಗಿರೋಳು ಯಾರು? ನಾನೇ ಅಲ್ವಾ? ಇಷ್ಟು ದಪ್ಪ ಬರ್ದ್‌ಬುಟ್ಟಿದ್ದೀಯಲ್ಲ!"

ಇನ್ನು ಮುಚ್ಚಿಟ್ಟು ಉಪಯೋಗವಿರಲಿಲ್ಲ. ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಮೊಸರಿನ ಮಡಕೆ ಕೆಳಗಿಟ್ಟು, ಚಕ್ಕಳಮಕ್ಕಳ ಹಾಕಿ ಕೂತು, "ಬುಡಿಸಿ ಏಳು, ಇದೇನು, ಅದೇನು" ಎಂದಳು. ಬಿಡಿಸಿ ಹೇಳಿದೆ.

"ಈ ಕೂರೋ ಕಲ್ಲು ಯಾಕಿಂಗೆ ಅತ್ಲಾಗೆ ತಿರಿಕಂಡದೆ?"

"ಮರ ನೋಡ್ತಾ ತಂಪಾಗಿ ಕೂರಲಿ ಅಂತ."

"ನಾನು ಮರ ನೋಡ್ತಾ ಕೂತ್ರೆ ಇಂದ್ಗಡೆಯೋಳು ನನ್ ಕೊಡ ತಳ್ಬುಟ್ಟು ಮುಂದಕ್ಕೋಯ್ತಾಳೆ. ನಲ್ಲಿ ಕಡೆ ತಿರುಗ್ಸು. ಈ ಊವಿನ ತೊಟ್ಟಿ ಏನಕ್ಕೆ?"

"ಚೆಂದಕ್ಕೆ."

"ದನ ಬಂದು ಬಾಯಾಕ್ತವೆ, ಆಮೇಲೆ ಚೆಂದ ನೀನೇ ನೋಡ್ಕೋ. ಓಗ್ಲಿ, ಈ ಕಟ್ಟೆ ಯಾರ ಸೊಂಟದ ಎತ್ತರ?"

ಇದಕ್ಕೆ ಮಾತ್ರ ನಾನು ಹೆಮ್ಮೆಯಿಂದಲೇ ಹೇಳಿದೆ. "ಯಾರದೂ ಅಲ್ಲ. ಎಲ್ಲರ ಅಳತೆ ಕೂಡಿಸಿ ಭಾಗಿಸಿದೀನಿ. ಸರಾಸರಿ."

ಮೊಸರಕ್ಕ ನಕ್ಷೆಯಲ್ಲಿದ್ದ ನಾಲ್ಕೂ ಹೆಂಗಸರನ್ನು ಮತ್ತೊಮ್ಮೆ ನೋಡಿದಳು. "ಆ ಸರಾಸರಿ ಅನ್ನೋಳು ಒಂದಿನಾನೂ ನಮ್ ನಲ್ಲಿಗೆ ನೀರಿಗೆ ಬಂದಿಲ್ವಲ್ಲವ್ವಾ!"

ಬಾಗಿಲ ಹಿಂದೆ ಅಜ್ಜಿ ನಕ್ಕಿದ್ದು ಕೇಳಿಸಿತು. ನನಗೆ ಅಳು ಬರುವಂತಾಯಿತು. ಮೂರು ವರ್ಷದ ಓದಿನಲ್ಲಿ ಯಾವ ಪ್ರೊಫೆಸರೂ ನನ್ನ ನಕ್ಷೆಯನ್ನು ಇಷ್ಟು ಬೇಗ ಬಟಾಬಯಲು ಮಾಡಿರಲಿಲ್ಲ.

ಹೊರಡುವಾಗ ಅವಳು ಒಂದು ಷರತ್ತು ಹಾಕಿದಳು. "ನಾನ್ ಯಾರ್ಗೂ ಏಳಕಿಲ್ಲ. ಆದ್ರೆ ನನ್ ರವಿಕೆ ನೀನೇ ಒಲೀಬೇಕು."

ಅಜ್ಜಿಯ ಹಳೆಯ ಮಿಷನ್ನಿನ ಮುಂದೆ ನಾಲ್ಕು ದಿನ ಒದ್ದಾಡಿ ಹೊಲಿದೆ. ಎಡಗೈ ತೋಳನ್ನು ಬಲಕ್ಕೂ ಬಲಗೈ ತೋಳನ್ನು ಎಡಕ್ಕೂ ಕೂಡಿಸಿದ್ದೇನೆಂದು ತಿಳಿದದ್ದು ಅವಳು ಅದನ್ನು ತೊಟ್ಟ ಮೇಲೆ. ಮಾರನೆಯ ದಿನ ಮೊಸರಕ್ಕ ಅದೇ ರವಿಕೆಯಲ್ಲಿ, ಎರಡೂ ಕೈಗಳನ್ನು ಬೊಂಬೆಯಂತೆ ಮುಂದಕ್ಕೆ ಚಾಚಿಕೊಂಡು, ನಲ್ಲಿಗೆ ಬಂದಳು.

"ಬೊಂಬಾಯಿ ಫ್ಯಾಷನ್ನು ಕಣ್ರವ್ವಾ. ತುಂಬಾ ಚೆಂದ. ಕೈ ಮಾತ್ರ ಎತ್ತಂಗಿಲ್ಲ."

ಮಧ್ಯಾಹ್ನದೊಳಗೆ ಉಳಿದ ಹತ್ತು ಕಣಗಳೂ ವಾಪಸಾದವು. ಒಬ್ಬಳ ನಾದಿನಿಗೆ ಅದೇ ಬಣ್ಣ ಬೇಕಂತೆ, ಇನ್ನೊಬ್ಬಳಿಗೆ ಆ ಬಟ್ಟೆ ದೇವರಿಗೆಂದು ತೆಗೆದಿಟ್ಟದ್ದು ಈಗ ನೆನಪಾಯಿತಂತೆ. ನನ್ನನ್ನು ಪಾರು ಮಾಡಿದ್ದೋ, ತನ್ನನ್ನು ದಪ್ಪ ಬರೆದದ್ದಕ್ಕೆ ಸೇಡು ತೀರಿಸಿಕೊಂಡದ್ದೋ, ಮೊಸರಕ್ಕನ ಮುಖ ನೋಡಿ ಹೇಳುವ ಹಾಗಿರಲಿಲ್ಲ.

ಅವಳ ಮೈದುನ ಗಾರೆ ಕೆಲಸದವನು; ಅವನಿಗೆ ಮಾತ್ರ ಅವಳು ನಕ್ಷೆಯ ವಿಷಯ ಹೇಳಿದ್ದಳು. ಕಾಗದದ ಮೇಲೆ ಗೀಚುವ ಬದಲು ಇಟ್ಟಿಗೆ ಪೇರಿಸಿ ನೋಡೋಣ ಎಂದವನು ಅವನೇ. ಮನೆ ಕಟ್ಟಿಸುತ್ತಿದ್ದ ಎದುರು ಬೀದಿಯವರನ್ನು ಕೇಳಿ ಇಟ್ಟಿಗೆ ತಂದು, ಒಂದು ಭಾನುವಾರ ನಲ್ಲಿಯ ಪಕ್ಕದಲ್ಲಿ ಮೆಟ್ಟಿಲಿನಂತೆ ಮೂರು ಎತ್ತರದ ಕಟ್ಟೆ ಜೋಡಿಸಿದೆವು. ಕುಳ್ಳಿಯರು, ಉದ್ದದವರು, ಬಸುರಿಯರು, ಮುದುಕಿಯರು ಒಬ್ಬೊಬ್ಬರಾಗಿ ಕೊಡ ಇಟ್ಟು ಎತ್ತಿ ನೋಡಿದರು. ಒಂದು ಸಾಲು ಇಟ್ಟಿಗೆ ಹೆಚ್ಚಾಯಿತು ಎಂದು ತೆಗೆದೆವು, ಕಡಿಮೆಯಾಯಿತು ಎಂದು ಸೇರಿಸಿದೆವು. ನಾಲ್ಕು ಸಲ ಕಟ್ಟಿ ಕೆಡವಿದ ಮೇಲೆ ಜಗಳ ನಿಂತಿತು. ನಾನು ಆ ಅಳತೆಯಲ್ಲಿ ಹೊಸ ನಕ್ಷೆ ಬರೆದೆ. ಕಮಾನು, ಕಮಲ ಎರಡೂ ಹೋದವು.

ಬೊಂಬಾಯಿಯಲ್ಲಿ ಸಹಪಾಠಿಗಳ ಗುಮ್ಮಟಗಳ ನಡುವೆ ನನ್ನ ಹಾಳೆ ತೂಗುಹಾಕಿದಾಗ ಪ್ರೊಫೆಸರರು ಬಹಳ ಹೊತ್ತು ನೋಡಿ, "ನಿನ್ನ ಕಟ್ಟಡ ಎಲ್ಲಿ?" ಎಂದರು.

"ಕಟ್ಟಡ ಇಲ್ಲ ಸರ್. ಮೂರು ಕಟ್ಟೆ ಇದೆ."

"ಈ ಎತ್ತರಗಳು ಯಾವ ಪುಸ್ತಕದಿಂದ ಬಂದವು?"

ಲಂಗ, ರವಿಕೆ, ಇಟ್ಟಿಗೆ ಎಲ್ಲವನ್ನೂ ಹೇಳಬೇಕಾಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ನಮ್ಮ ಪ್ರೊಫೆಸರರು ನಗಲಿಲ್ಲ. ಅಳತೆ ಸರಿಯಿದೆ, ಅಳತೆ ತೆಗೆದ ರೀತಿ ಸರಿಯಿಲ್ಲ ಎಂದು ಹಾಳೆಯ ಮೂಲೆಯಲ್ಲಿ ಬರೆದು ಪಾಸು ಮಾಡಿದರು.

ಮುಂದಿನ ಬೇಸಿಗೆಯಲ್ಲಿ ಊರಿಗೆ ಬಂದಾಗ ಇಟ್ಟಿಗೆಗಳಿಗೆ ಗಾರೆ ಮೆತ್ತಿ, ಮೇಲೆ ಚಪ್ಪಡಿ ಹಾಸಿಯಾಗಿತ್ತು. ಪೈಪು ಬದಲಿಸಲು ಬಂದ ಮುನಿಸಿಪಾಲಿಟಿಯವರಿಗೆ ಮೊಸರಕ್ಕ ದಿನಾ ಮಜ್ಜಿಗೆ ಕೊಟ್ಟು ಅವರ ಕೈಯಲ್ಲೂ ಮೈದುನನ ಕೈಯಲ್ಲೂ ಕೆಲಸ ತೆಗೆದಿದ್ದಳಂತೆ. ನಾನು ಬೆಳಿಗ್ಗೆಯೇ ಅಜ್ಜಿಯ ಜೊತೆ ಹೋಗಿ, ನಡುವಿನ ಕಟ್ಟೆಯ ಮೇಲೆ ಹಾಯಾಗಿ ಕೂತು ನೋಡತೊಡಗಿದೆ. ಬೀದಿಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ತುಂಬಿದ ಕೊಡ ಹಿಡಿದು ನನ್ನೆದುರು ನಿಂತಳು.

"ಏಳ್ರೀ ಮೇಲಕ್ಕೆ. ಅದು ಕೊಡ ಇಡೋ ಜಾಗ ಕಣ್ರೀ, ಕೂರೋದಲ್ಲ. ಓದಿರೋರ ಥರ ಕಾಣ್ತೀರ, ಅಷ್ಟೂ ಗೊತ್ತಾಗಲ್ವಾ?"

ಅಜ್ಜಿಯ ಕಡೆ ನೋಡಿದೆ, ಮೊಸರಕ್ಕನ ಕಡೆ ನೋಡಿದೆ. ಇಬ್ಬರೂ ಹೊಂಗೆ ಮರದ ಕಡೆ ತಿರುಗಿ ನಿಂತಿದ್ದರು. ನಾನು ಎದ್ದು ಜಾಗ ಬಿಟ್ಟೆ.