ನರ್ಸಮ್ಮನ ಬಾವಿ ಪುಸ್ತಕಗಳು

ಅವರ ಬಲಗೈ ಬೆರಳುಗಳ ತುದಿ ಸುಣ್ಣ ಮೆತ್ತಿದಂತೆ ಬೆಳ್ಳಗಿತ್ತು. ವರ್ಷಗಟ್ಟಲೆ ಬ್ಲೀಚಿಂಗ್ ಪುಡಿ ಕಲಸಿದ ಕೈ. ನಿವೃತ್ತರಾದ ಮೇಲೂ ಆ ಬಿಳುಪು ಹೋಗಿರಲಿಲ್ಲ. ಸೊರಬದ ಸುತ್ತಿನ ಹಳ್ಳಿಗಳಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ನರ್ಸಮ್ಮ. ಯಾರ ಮನೆಗೆ ಹೋದರೂ ಮೊದಲು ಬಾವಿಗೆ ಬಗ್ಗಿ ನೋಡಿ, ಆಮೇಲೆ ಜನರನ್ನು ಮಾತಾಡಿಸುತ್ತಿದ್ದರು.

ನಾನು ಶಿಕಾರಿಪುರದವಳು. ಈ ಎರಡು ತಾಲ್ಲೂಕುಗಳ ನೀರಿನ ಬಗ್ಗೆ ಪಿಎಚ್.ಡಿ. ಮಾಡಲು ಹೊರಟವಳು ಉಪಗ್ರಹದ ಹಳೆಯ ಚಿತ್ರಗಳನ್ನೇ ನೆಚ್ಚಿಕೊಂಡಿದ್ದೆ. ಬೇಸಿಗೆಯಲ್ಲಿ ಅವು ಕೆರೆಯ ಅಂಚನ್ನು ಗೆರೆ ಕೊರೆದಂತೆ ತೋರಿಸುತ್ತಿದ್ದವು. ಮಳೆಗಾಲ ಬಂತೆಂದರೆ ಬರೀ ಮೋಡ. ಬಾವಿಯೊಳಗಿನ ನೀರಂತೂ ಅವಕ್ಕೆ ಕಾಣುವುದೇ ಇಲ್ಲ. ನೆಲದ ಮೇಲೆ ನಿಂತು ಅಳೆದ ಲೆಕ್ಕಕ್ಕಾಗಿ ಕಚೇರಿಗಳನ್ನು ಅಲೆದೆ. ಸಿಕ್ಕಿದ್ದು ಎಲ್ಲೋ ಒಂದೆರಡು ಬಾವಿಗಳದ್ದು. “ಆರು ತಿಂಗಳು ನೋಡು, ಆಗದಿದ್ದರೆ ವಿಷಯ ಬದಲಿಸು” ಎಂದಿದ್ದರು ಮಾರ್ಗದರ್ಶಕರು.

ಅಂಥದ್ದರಲ್ಲಿ ಒಂದು ದಿನ ಉಳವಿಯಲ್ಲಿ ಬಸ್ಸಿಳಿದು, ರಸ್ತೆ ಬದಿಯ ಬಾವಿಗೆ ಟೇಪು ಇಳಿಬಿಟ್ಟೆ. ಕೈಜಾರಿ ಅದು ಒಳಗೇ ಬಿತ್ತು.

“ಬಾವಿ ಅಳೆಯಕ್ಕೆ ಬಂದು ಬಾವಿಗೇ ಟೇಪು ಕೊಟ್ಯಲ್ಲ ಮಾರಾಯ್ತಿ!”

ಎದುರು ಮನೆಯ ನರ್ಸಮ್ಮ. ಒಳಗೆ ಹೋಗಿ, ಗೇಣಿಗೊಂದು ಗಂಟು ಹಾಕಿ ತುದಿಗೆ ಕಲ್ಲು ಕಟ್ಟಿದ ಹಗ್ಗ ತಂದರು. ಇಳಿಸಿ, ಎಳೆದು, ಒದ್ದೆಯಾದ ಗಂಟುಗಳನ್ನು ಎಣಿಸಿದರು.

“ಹದಿನಾಲ್ಕು ಗೇಣು. ಬರ್ಕೋ. ಕೆಲಸದಲ್ಲಿದ್ದಾಗ ಊರೂರಿನ ಬಾವಿ ಹಿಂಗೇ ಅಳೀತಿದ್ದೆ.”

“ನೀವ್ಯಾಕೆ ಬಾವಿ ಅಳೀತಿದ್ರಿ?” ಎಂದೆ.

“ನೀರು ಎಷ್ಟೈತೆ ಅಂತ ಗೊತ್ತಿಲ್ದೆ ಪುಡಿ ಎಷ್ಟು ಹಾಕದು? ಕಡಿಮೆ ಆದ್ರೆ ವಾಂತಿ ಭೇದಿ, ಹೆಚ್ಚಾದ್ರೆ ಬಾಯಿಗಿಡಕ್ಕಾಗಲ್ಲ.”

ಬಾವಿಗೆ ಹೊಸನೀರು ಬರುವ ಮಳೆಗಾಲದಲ್ಲೇ ಅವರ ತಿರುಗಾಟ ಹೆಚ್ಚು. ಟ್ರಂಕಿನಿಂದ ತೆಗೆದುಕೊಟ್ಟ ನೋಟುಬುಕ್ಕುಗಳಲ್ಲಿ, ನನ್ನ ಉಪಗ್ರಹ ಕುರುಡಾಗುತ್ತಿದ್ದ ತಿಂಗಳುಗಳೇ ತುಂಬಿ ಕೂತಿದ್ದವು. ಊರು, ತಾರೀಖು, ನೀರಿನ ಆಳ. ಬಾವಿಯ ಹೂಳು ತೆಗೆದ ದಿನವನ್ನೂ ಬಿಟ್ಟಿರಲಿಲ್ಲ. ನಾನು ಅವರ ಜಗಲಿಯಲ್ಲೇ ಕೂತು ಅತ್ತುಬಿಟ್ಟೆ.

“ಕಾಫಿ ಕುಡಿ. ಪುಟ ಒದ್ದೆ ಮಾಡ್ಬೇಡ” ಎಂದರು.

ವರ್ಷವಿಡೀ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದೆ. ಅಚ್ಚು ಮಾಡಿಸಿದ ಪಟ್ಟಿಯನ್ನು ಹೆಮ್ಮೆಯಿಂದ ತೋರಿಸಿದಾಗ ಅವರ ಬೆರಳು ಕುಬಟೂರಿನ ಒಂದು ಸಾಲಿನ ಮೇಲೆ ನಿಂತಿತು.

“ಈ ತಿಂಗಳು ನಾನು ಹೋಗೇ ಇಲ್ಲ. ಕಾಲು ಉಳುಕಿ ಮನೇಲಿದ್ದೆ. ಈ ಅಂಕಿ ಎಲ್ಲಿಂದ ಬಂತು?”

“ಹಿಂದಿನ ತಿಂಗಳು, ಮುಂದಿನ ತಿಂಗಳು ನೋಡಿ ಅಂದಾಜು ಮಾಡ್ದೆ. ಎಲ್ರೂ ಮಾಡ್ತಾರೆ ನರ್ಸಮ್ಮ.”

“ಅಂದಾಜು ಅಂತ ಬರ್ದಿದೀಯಾ?”

ಇಲ್ಲವೆಂದು ತಲೆಯಾಡಿಸಿದೆ.

“ಬರಿ. ನಾಳೆ ಇದನ್ನ ನಂಬಿ ಯಾರೋ ನೀರಿನ ಕೆಲಸಕ್ಕೆ ಕೈಹಾಕ್ತಾರೆ.”

ಮುಖಕ್ಕೆ ಹೊಡೆದಂತಾಯಿತು. ಇಂಥ ಅಂಕಿಗಳು ನೂರಾರಿದ್ದವು. ಒಂದೊಂದನ್ನೂ ಹುಡುಕಿ ಗುರುತು ಹಾಕಲು ಎರಡು ತಿಂಗಳು ಹಿಡಿಯಿತು. ಪ್ರಬಂಧದ ಕೊನೆಯ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದಿದ್ದ ಪರೀಕ್ಷಕರು ನೇರವಾಗಿ ಆ ಗುರುತುಗಳಿಗೇ ಬಂದರು. ಅಂದಾಜಿನ ಅಂಕಿಗಳನ್ನೆಲ್ಲ ತೆಗೆದುಹಾಕಿದರೆ ನಿಮ್ಮ ತೀರ್ಮಾನ ನಿಲ್ಲುತ್ತದೆಯೇ ಎಂದು ಕೇಳಿದರು. ನಿಲ್ಲುತ್ತದೆ ಎಂದೆ, ತೆಗೆದು ಮಾಡಿದ ಲೆಕ್ಕವನ್ನೂ ಮುಂದಿಟ್ಟೆ. ಹಿಂದಿನ ಬೆಂಚಿನಲ್ಲಿ ಇಸ್ತ್ರಿ ಮಾಡಿದ ಹತ್ತಿ ಸೀರೆಯುಟ್ಟು ನರ್ಸಮ್ಮ ಕೂತಿದ್ದರು. ಹೊರಗೆ ಬಂದ ಮೇಲೆ, “ಇಂಗ್ಲಿಷು ಒಂದೂ ತಿಳೀಲಿಲ್ಲ. ನೀನು ಹೆದರ್ಲಿಲ್ಲ, ಅದು ತಿಳೀತು” ಎಂದರು.

ಕಳೆದ ವರ್ಷ, ಮಳೆ ಹಿಡಿಯುವ ಮುನ್ನವೇ ಅವರು ತೀರಿಕೊಂಡರು. ತಿಥಿ ಮುಗಿದ ಮರುವಾರ ನಾನು ಕುಬಟೂರಿಗೆ ಹೋದೆ. ಅವರ ಪುಸ್ತಕಗಳಲ್ಲಿದ್ದ ಬಾವಿಗಳನ್ನು ಈಗ ನಾನೇ ಅಳೆಯುತ್ತೇನೆ. ಹೊಸದಾಗಿ ಪಟ್ಟಿಗೆ ಸೇರಿಸಬೇಕಿದ್ದ ಬಾವಿಯ ಮನೆಯಲ್ಲಿ, ವಯಸ್ಸಾದ ಹೆಂಗಸೊಬ್ಬರು ಬಾಗಿಲಿಗೆ ಬಂದರು.

“ಯಾರ ಕಡೆಯೋರು ನೀವು?”

ವಿಶ್ವವಿದ್ಯಾಲಯದ ಹೆಸರು ಹೇಳುವುದು ನನಗೆ ರೂಢಿ. ಅವತ್ತು ಅದು ಬಾಯಿಗೆ ಬರಲಿಲ್ಲ.

“ನರ್ಸಮ್ಮನ ಕಡೆಯೋಳು” ಎಂದೆ.

ಆಕೆ ಮತ್ತೇನೂ ಕೇಳದೆ ಹಿತ್ತಿಲಿಗೆ ಕರೆದೊಯ್ದು, ಬಾವಿಯ ಮೇಲಿನ ಹಲಗೆ ಸರಿಸಿದರು.